ಹತ್ತು ನಿಮಿಷದ ಗಾಳಿಗೆ ಮನೆ ಹೋಯಿತು, ಮುಂದೇನು?

ಪ್ರಶ್ನೆ: ನಮ್ಮದು ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಹಳ್ಳಿ. ಸ್ವಲ್ಪ ಕಾಫಿ ತೋಟ, ಅದರೊಳಗೇ ಮನೆ. ಮೇ ತಿಂಗಳ ಒಂದು ಸಂಜೆ ಗುಡುಗು ಶುರುವಾಗಿ ಕತ್ತಲು ಕವಿಯಿತು. ಹತ್ತು ನಿಮಿಷ ಆಗಿರಬೇಕು ಅಷ್ಟೆ, ಮನೆಯ ಶೀಟೆಲ್ಲ ಪೈಪಿನ ಸಮೇತ ಎದ್ದು ರಸ್ತೆಯಾಚೆ ಪಕ್ಕದವರ ತೋಟಕ್ಕೆ ಬಿತ್ತು. ಹಿಂದಿನ ಗೋಡೆಯೂ ಕುಸಿಯಿತು. ಅವ್ವ, ನನ್ನ ಹೆಂಡತಿ ಮತ್ತು ಇಬ್ಬರು ಮಕ್ಕಳು ಬಚ್ಚಲುಮನೆಯಲ್ಲಿ ಸೇರಿಕೊಂಡಿದ್ದರಿಂದ ಬದುಕಿದರು. ಊರಲ್ಲಿ ಎಲ್ಲರೂ ಸುಂಟರಗಾಳಿ ಎನ್ನುತ್ತಿದ್ದಾರೆ. ಅಮೆರಿಕದಲ್ಲಿ ಬರುವಂಥದ್ದೇ ಇದು? ಮತ್ತೆ ಬಂದರೆ ಏನು ಮಾಡುವುದು? ಉಳಿದ ಮೂರು ಗೋಡೆಗಳ ಮೇಲೆ ಹೊಸ ಶೀಟ್ ಹಾಕಿಸಿ ಮಳೆಗಾಲ ಕಳೆಯಬಹುದೇ? ಪರಿಹಾರಕ್ಕೆ ಅರ್ಜಿ ಕೊಡಬೇಕೆಂದರೆ ಪಹಣಿ ದೊಡ್ಡಪ್ಪನ ಹೆಸರಿನಲ್ಲಿದೆ. ಇನ್ನೊಂದು, ಎಂಟು ವರ್ಷದ ಮಗಳು ಈಗ ಗಾಳಿ ಸ್ವಲ್ಪ ಜೋರಾದರೂ ಬಚ್ಚಲಿಗೆ ಓಡುತ್ತಾಳೆ. ಅಂಗಳದ ಅಂಚಿನ ಸಿಲ್ವರ್ ಓಕ್ ಮರಗಳನ್ನು ತೆಗೆಸಬೇಕೇ?

ಉತ್ತರ: ನೀವು ನಡುವಿನಲ್ಲಿ ಕೇಳಿದ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದಕ್ಕೆ ಸಮಯವಿಲ್ಲ. ಆ ಮೂರು ಗೋಡೆಗಳ ಮೇಲೆ ಈಗ ಶೀಟ್ ಹಾಕಿಸಬೇಡಿ. ಅವುಗಳ ನೆರಳಿನಲ್ಲಿ ರಾತ್ರಿ ಮಲಗಲೂ ಬೇಡಿ.

ಛಾವಣಿ ಎಂದರೆ ಮಳೆ ತಡೆಯುವ ಹೊದಿಕೆ ಮಾತ್ರ ಅಲ್ಲ. ಎದುರುಬದುರಿನ ಗೋಡೆಗಳ ತಲೆಯನ್ನು ಹಿಡಿದು ನಿಲ್ಲಿಸುವ ಕೆಲಸವನ್ನೂ ಅದೇ ಮಾಡುತ್ತಿರುತ್ತದೆ. ಅದು ಹೋದ ಮೇಲೆ ಹತ್ತಡಿ ಎತ್ತರದ ಗೋಡೆ ಬುಡದ ಬಲದ ಮೇಲೆ ಒಂಟಿಯಾಗಿ ನಿಲ್ಲಬೇಕು. ನಿಮ್ಮ ಹಿಂದಿನ ಗೋಡೆ ಗಾಳಿಯ ಪೆಟ್ಟಿಗೇ ಬಿತ್ತು ಎಂದು ನೀವು ಅಂದುಕೊಂಡಿರಬಹುದು. ನನಗೆ ಹಾಗನ್ನಿಸುವುದಿಲ್ಲ. ಮೊದಲು ಮಾಡು, ಅಂದರೆ ಛಾವಣಿ, ಎದ್ದಿದೆ, ಹಿಡಿತ ತಪ್ಪಿದ ಗೋಡೆ ಆಮೇಲೆ ಬಿದ್ದಿದೆ. ಉಳಿದ ಗೋಡೆಗಳೂ ಈಗ ಅದೇ ಸ್ಥಿತಿಯಲ್ಲಿವೆ, ಜೊತೆಗೆ ಮೇಲಿನಿಂದ ನೀರು ಕುಡಿಯುತ್ತಿವೆ. ಮಣ್ಣಿನ ಗೋಡೆಯೋ ಹಸಿ ಇಟ್ಟಿಗೆಯೋ ಆಗಿದ್ದರೆ ಎರಡು ಮೂರು ದಿನದ ಮಳೆ ಸಾಕು. ಕೊಡಗಿನಲ್ಲಿ ಗಾಳಿ ಬಂದ ದಿನ ಬದುಕಿದವರು ನಾಲ್ಕನೇ ದಿನ ಪಾತ್ರೆ ತೆಗೆಯಲು ಒಳಗೆ ಹೋದಾಗ ಗೋಡೆ ಬೀಳುವುದು ಹೊಸದಲ್ಲ. ಸಿಮೆಂಟ್ ಬ್ಲಾಕಿನ ಗೋಡೆಯಾದರೆ ಮೂಲೆಗಳನ್ನು ನೋಡಿ. ಎರಡು ಗೋಡೆ ಸೇರುವಲ್ಲಿ ಮೇಲಿನಿಂದ ಕೆಳಕ್ಕೆ ಬಿರುಕು ಇಳಿದಿದ್ದರೆ, ಅಥವಾ ಬಾಗಿಲಿನ ಚೌಕಟ್ಟು ಓರೆಯಾಗಿ ಬಾಗಿಲು ಕೂರದಿದ್ದರೆ, ಆ ಗೋಡೆಯನ್ನು ಲಿಂಟಲ್ ಮಟ್ಟದವರೆಗಾದರೂ ಇಳಿಸಲೇಬೇಕು. ಹೊಸ ಮಾಡನ್ನು ಅದರ ಮೇಲೆ ಹೊರಿಸುವ ಮಾತೇ ಇಲ್ಲ.

ಒಳಗೆ ಹೋಗಲೇಬೇಕಾದರೆ ಹಗಲಲ್ಲಿ, ಮಳೆ ಇಲ್ಲದಾಗ, ಬೂಟು ಹಾಕಿಕೊಂಡು ಹೋಗಿ. ಮೀಟರ್ ಬೋರ್ಡಿನ ಮೇನ್ ಆಫ್ ಆಗಿದ್ದರೂ ಹೊರಗಿನಿಂದ ಬರುವ ಸರ್ವಿಸ್ ವೈರ್ ಎಲ್ಲಿ ಬಿದ್ದಿದೆ ಎಂದು ಮೊದಲು ನೋಡಿ, ವಿದ್ಯುತ್ ಕಂಪನಿ ಸೆಸ್ಕ್‌ನ ಲೈನ್‌ಮನ್ ಬಂದು ಕಳಚುವವರೆಗೆ ಮುಟ್ಟಬೇಡಿ. ಊರಿಗೇ ಕರೆಂಟ್ ಇಲ್ಲ ಎಂಬ ಧೈರ್ಯ ಬೇಡ, ಪಕ್ಕದ ಎಸ್ಟೇಟಿನ ಜನರೇಟರ್‌ನಿಂದ ಲೈನಿಗೆ ಹಿಂದಕ್ಕೆ ಕರೆಂಟ್ ಬಂದ ಸಂದರ್ಭಗಳಿವೆ. ದೂರಿಗೆ 1912. ಗ್ಯಾಸ್ ಸಿಲಿಂಡರ್ ಹೊರಗೆ ಸಾಗಿಸಿ. ಮೊಳೆ, ಶೀಟಿನ ಅಂಚು ತಗುಲಿ ಗಾಯವಾದವರಿಗೆ ಟಿಟಿ ಇಂಜೆಕ್ಷನ್ ಬೇಕು. ಹಳೆಯ ಸಿಮೆಂಟ್ ಶೀಟ್ ಒಡೆದಿದ್ದರೆ ಅದರಲ್ಲಿ ಕಲ್ನಾರು ಇರುತ್ತದೆ. ನೀರು ಚಿಮುಕಿಸಿ, ಮುಖಕ್ಕೆ ಮಾಸ್ಕ್ ಹಾಕಿಕೊಂಡೇ ತೆಗೆಯಿರಿ, ಗುಡಿಸಿ ಧೂಳೆಬ್ಬಿಸಬೇಡಿ. ಬಿದ್ದ ಹೆಂಚು, ಶೀಟಿನ ಕೆಳಗೆ ಹಾವು ಸೇರಿಕೊಳ್ಳಲು ಒಂದು ರಾತ್ರಿ ಸಾಕು, ಅದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಇನ್ನು ಅದು ಸುಂಟರಗಾಳಿಯೇ ಎಂಬ ವಿಷಯ. ಅಮೆರಿಕದಲ್ಲಿ ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಬರುವ ಟೊರ್ನೆಡೊ ಎಂದರೆ ಗುಡುಗುಮೋಡದ ಬುಡದಿಂದ ನೆಲದವರೆಗೆ ಇಳಿದ, ತಿರುಗುವ ಗಾಳಿಯ ಕಂಬ. ಅದರ ಬಲವನ್ನು ಹಾನಿಯನ್ನು ನೋಡಿ ಇಎಫ್ (ಸುಧಾರಿತ ಫುಜಿಟಾ) ಮಾಪಕದಲ್ಲಿ 0ಯಿಂದ 5ರವರೆಗೆ ಅಳೆಯುತ್ತಾರೆ. ಕೊನೆಯ ದರ್ಜೆ ಗಂಟೆಗೆ 322 ಕಿ.ಮೀ. ದಾಟಿದ್ದು. ಇದು ಪರದೇಶದ್ದು ಮಾತ್ರ ಎನ್ನುವಂತಿಲ್ಲ. 1978ರ ಮಾರ್ಚ್ 17ರಂದು ದೆಹಲಿಯಲ್ಲೇ ಟೊರ್ನೆಡೊ ಬಂದು 28 ಜನ ಸತ್ತರು. 1989ರ ಏಪ್ರಿಲ್ 26ರಂದು ಬಾಂಗ್ಲಾದೇಶದ ದೌಲತ್‌ಪುರ, ಸಾಟುರಿಯಾ ಭಾಗದಲ್ಲಿ ಸುಮಾರು 1,300 ಜನರನ್ನು ಬಲಿ ತೆಗೆದುಕೊಂಡದ್ದು ಜಗತ್ತಿನಲ್ಲೇ ಅತಿ ಭೀಕರವಾದ ಟೊರ್ನೆಡೊ ಎಂದು ಲೆಕ್ಕ. 2024ರ ಮಾರ್ಚ್ 31ರಂದು ಪಶ್ಚಿಮ ಬಂಗಾಳದ ಜಲ್ಪೈಗುರಿಯ ಮೈನಾಗುಡಿ ಕಡೆಗೂ ಬಂತು. ಆ ಪೂರ್ವ ಭಾಗದಲ್ಲಿ ಬಂಗಾಳ ಕೊಲ್ಲಿಯ ಹಸಿ ಗಾಳಿ ಕೆಳಗೆ, ಪಶ್ಚಿಮದ ಒಣ ಗಾಳಿ ಮೇಲೆ, ಎತ್ತರ ಏರಿದಂತೆ ಗಾಳಿಯ ವೇಗ ಮತ್ತು ದಿಕ್ಕಿನಲ್ಲಿ ದೊಡ್ಡ ವ್ಯತ್ಯಾಸ. ಮೋಡವನ್ನು ತಿರುಗಿಸುವುದೇ ಆ ವ್ಯತ್ಯಾಸ. ಮೇ ತಿಂಗಳ ಕೊಡಗಿನ ಆಕಾಶದಲ್ಲಿ ಗುಡುಗುಮೋಡಕ್ಕೆ ಬೇಕಾದ ಸೆಕೆ ಮತ್ತು ತೇವ ಧಾರಾಳವಾಗಿದೆ, ಆದರೆ ತಿರುಗಿಸುವ ಆ ಅಂಶ ಸಾಮಾನ್ಯವಾಗಿ ಕಡಿಮೆ.

ಹಾಗಾಗಿ ನಿಮ್ಮ ಮನೆಗೆ ಬಂದದ್ದು ಬಹುಮಟ್ಟಿಗೆ ಬೇರೆ ಜಾತಿಯದು, ಡೌನ್‌ಬರ್ಸ್ಟ್. ಗುಡುಗುಮೋಡದೊಳಗೆ ಮಳೆ, ಆಲಿಕಲ್ಲಿನ ಜೊತೆ ತಣ್ಣಗಾಗಿ ಭಾರವಾದ ಗಾಳಿ ಒಮ್ಮೆಲೇ ಕೆಳಗೆ ಬೀಳುತ್ತದೆ, ಅಂಗಳಕ್ಕೆ ಒಂದು ಕೊಡ ನೀರು ಸುರಿದಂತೆ ನೆಲಕ್ಕೆ ಬಡಿದು ಸುತ್ತ ಚೆಲ್ಲುತ್ತದೆ. ಐದರಿಂದ ಹದಿನೈದು ನಿಮಿಷದಲ್ಲಿ ಮುಗಿಯುತ್ತದೆ, ಒಂದೆರಡು ಕಿಲೋಮೀಟರ್ ಆಚೆ ಎಲೆಯೂ ಅಲ್ಲಾಡಿರುವುದಿಲ್ಲ. ಎರಡನ್ನೂ ಬೇರ್ಪಡಿಸಲು ನೀವೇ ಒಂದು ಕೆಲಸ ಮಾಡಬಹುದು. ಬಿದ್ದ ಮರಗಳನ್ನು ತುಂಡು ಹಾಕಿಸುವ ಮುಂಚೆ ತೋಟದ ಎತ್ತರದ ಜಾಗದಿಂದ ನೋಡಿ, ಸಾಧ್ಯವಾದರೆ ಯಾರದಾದರೂ ಡ್ರೋನಿನಿಂದ ಒಂದು ಚಿತ್ರ ತೆಗೆಸಿ. ಮರಗಳೆಲ್ಲ ಒಂದೇ ಕಡೆಗೆ ತಲೆ ಹಾಕಿ ಬಿದ್ದಿದ್ದರೆ, ಅಥವಾ ಒಂದು ಜಾಗದಿಂದ ಹೊರಕ್ಕೆ ಬೀಸಣಿಗೆಯಂತೆ ಹರಡಿದ್ದರೆ ಡೌನ್‌ಬರ್ಸ್ಟ್. ಕಿರಿದಾದ ಒಂದು ಪಟ್ಟಿಯಲ್ಲಿ ಎರಡೂ ಬದಿಯ ಮರಗಳು ಒಳಮುಖವಾಗಿ, ಒಂದರ ಮೇಲೊಂದು ಅಡ್ಡಾದಿಡ್ಡಿ ಬಿದ್ದು, ಪಟ್ಟಿಯ ಹೊರಗೆ ಕಾಫಿ ಗಿಡ ಮಿಸುಕಾಡದೆ ನಿಂತಿದ್ದರೆ ಮಾತ್ರ ಟೊರ್ನೆಡೊದ ಅನುಮಾನ. ಈ ವ್ಯತ್ಯಾಸವನ್ನು ಕಂಡುಹಿಡಿದವರು ಜಪಾನಿನಿಂದ ಅಮೆರಿಕಕ್ಕೆ ಹೋದ ವಿಜ್ಞಾನಿ ಟೆಟ್ಸುಯಾ ಫುಜಿಟಾ. ಟೊರ್ನೆಡೊ ಮಾಪಕ ಹುಟ್ಟಿದ್ದೂ ಅವರಿಂದಲೇ, 1971ರಲ್ಲಿ. ಕಾಡಿನಲ್ಲಿ ನಕ್ಷತ್ರದಂತೆ ಹೊರಕ್ಕೆ ಹರಡಿ ಬಿದ್ದ ಮರಗಳನ್ನು ವಿಮಾನದಿಂದ ಕಂಡಾಗ, 1945ರಲ್ಲಿ ಬಾಂಬು ಬಿದ್ದ ನಾಗಸಾಕಿಯಲ್ಲಿ ಕಂಡಿದ್ದ ಅದೇ ವಿನ್ಯಾಸ ಅವರಿಗೆ ನೆನಪಾಯಿತಂತೆ.

ಮತ್ತೆ ಬರುತ್ತದೆಯೇ ಎಂದರೆ, ನಿಮ್ಮ ಅಂಗಳಕ್ಕೇ ಹುಡುಕಿಕೊಂಡು ಬರುವುದಿಲ್ಲ. ಆದರೆ ಕಾಫಿ ಹೂ ಅರಳಿಸುವ ಹೂಮಳೆಯ ಕಾಲದಿಂದ ಮೇ ಕೊನೆಯವರೆಗೆ ಇಂಥ ಗುಡುಗುಮೋಡಗಳು ಪ್ರತಿ ವರ್ಷ ಕೊಡಗಿನ ಎಲ್ಲೋ ಒಂದೆರಡು ಕಡೆ ಇಳಿಯುತ್ತವೆ. ಆಮೇಲೆ ಬರುವುದು ಮುಂಗಾರಿನ ಗಾಳಿ, ಅದರ ಸ್ವಭಾವ ಬೇರೆ. ಅರಬ್ಬಿ ಸಮುದ್ರದ ಮೇಲಿಂದ ಬರುವ ಮುಂಗಾರು ಗಾಳಿಯ ಅತಿ ವೇಗದ ಪದರ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಹರಿಯುತ್ತದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರಿನಲ್ಲಿ, ಪುಷ್ಪಗಿರಿ 1,712, ತಡಿಯಂಡಮೋಳ್ 1,748. ಅಂದರೆ ನಮ್ಮ ಬೆಟ್ಟದ ಸಾಲು ಆ ಪದರದೊಳಕ್ಕೇ ತಲೆ ಹಾಕಿ ನಿಂತಿದೆ. ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ, ಕಣಿವೆ ಬಾಯಲ್ಲಿ ಗಾಳಿ ಒತ್ತರಿಸಿ ನುಗ್ಗುತ್ತದೆ. ಗಾಳಿಬೀಡು ಕಡೆಯವರನ್ನು ಕೇಳಿದರೆ ಸಾಕು. ನಿಮ್ಮ ಸುಂಟಿಕೊಪ್ಪ ಇದಕ್ಕೆ ಸ್ವಲ್ಪ ಮರೆಯಲ್ಲಿದೆ. ನಿಮಗೆ ಅಪಾಯ ಜುಲೈಗಿಂತ ಏಪ್ರಿಲ್, ಮೇ ಸಂಜೆಯಲ್ಲೇ ಹೆಚ್ಚು.

ಈಗ ಮುಖ್ಯ ವಿಷಯ, ಮಾಡು ಯಾಕೆ ಹೋಯಿತು.

ಪಕ್ಕದವರ ತೋಟದಲ್ಲಿ ಬಿದ್ದಿರುವ ಶೀಟುಗಳನ್ನು ಗುಜರಿಗೆ ಹಾಕುವ ಮುಂಚೆ ಒಂದನ್ನು ಮಗುಚಿ ನೋಡಿ. ಸ್ಕ್ರೂ ಇದ್ದ ತೂತುಗಳು ಉದ್ದಕ್ಕೆ ಹರಿದು ಸೀಳಿದ್ದರೆ ಶೀಟ್ ತೆಳು ಅಥವಾ ವಾಷರ್ ಚಿಕ್ಕದು. ಶೀಟಿನ ತೂತು ದುಂಡಗೇ ಇದ್ದು ಸ್ಕ್ರೂ ಮರದ ರೀಪಿನಿಂದ ಕಿತ್ತು ಬಂದಿದ್ದರೆ ಮರ ಕುಂಬಾಗಿದೆ ಅಥವಾ ಸ್ಕ್ರೂ ಗಿಡ್ಡ. ನಿಮ್ಮಲ್ಲಿ ಪೈಪ್ ಸಮೇತ ಹೋಗಿದೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಶೀಟಿನದೂ ತಪ್ಪಿಲ್ಲ, ಸ್ಕ್ರೂವಿನದೂ ತಪ್ಪಿಲ್ಲ. ಪೈಪಿನ ತುದಿಯನ್ನು ನೋಡಿ. ಅಲ್ಲಿ ಗೋಡೆಗೆ ಹಿಡಿಸಿದ ಬೋಲ್ಟಿನ ಗುರುತು ಇರುವುದಿಲ್ಲ, ಒಂದಿಷ್ಟು ಗಾರೆ ಅಂಟಿಕೊಂಡಿರುತ್ತದೆ. ಮೇಸ್ತ್ರಿ ಪೈಪನ್ನು ಗೋಡೆಯ ಮೇಲಿಟ್ಟು ಎರಡು ಕಡೆ ಸಿಮೆಂಟ್ ಮೆತ್ತಿ ಇಳಿದಿದ್ದಾರೆ. ಕೊಡಗಿನಲ್ಲಿ ಹತ್ತರಲ್ಲಿ ಏಳೆಂಟು ಶೀಟಿನ ಮನೆ ಹೀಗೇ ಇವೆ ಎಂದು ನಾನು ಹೇಳಿದರೆ ಮೇಸ್ತ್ರಿಗಳು ಸಿಟ್ಟಾಗಬಹುದು. ಹತ್ತಿ ನೋಡಿದವರು ಒಪ್ಪುತ್ತಾರೆ.

ಹಿಂದೆ ಇದು ನಡೆಯುತ್ತಿತ್ತು, ಯಾಕೆಂದರೆ ಹಿಂದೆ ಮೇಲೆ ಇದ್ದದ್ದು ಮಂಗಳೂರು ಹೆಂಚು. ಒಂದು ಚದರ ಮೀಟರಿಗೆ ಹದಿನೈದು ಹೆಂಚಿನಂತೆ ಲೆಕ್ಕ ಹಾಕಿದರೆ ಹೆಂಚಿನ ತೂಕವೇ ನಲವತ್ತು ಕೆ.ಜಿ. ಆಸುಪಾಸು, ಅದರ ಜೊತೆಗೆ ಹೆಂಚನ್ನು ಹೊರುವ ಮರದ ಪಕ್ಕಾಸು, ರೀಪಿನ ತೂಕ. ಮಾಡು ತನ್ನ ತೂಕದಿಂದಲೇ ಕೂತಿರುತ್ತಿತ್ತು. ಇನ್ನೊಂದು ಗುಣವೂ ಹೆಂಚಿಗಿದೆ, ಸಂದಿನಲ್ಲಿ ಗಾಳಿ ಆಡುತ್ತದೆ. ಒಳಗೆ ತುಂಬಿದ ಗಾಳಿಗೆ ಹೊರಹೋಗಲು ದಾರಿ ಇರುವುದರಿಂದ ಕೆಳಗಿನ ಒತ್ತಡ ಅಷ್ಟು ಏರುವುದಿಲ್ಲ. ಗಾಳಿ ಮಿತಿಮೀರಿದರೆ ಅಂಚಿನ ಹತ್ತಿಪ್ಪತ್ತು ಹೆಂಚು ಹಾರುತ್ತವೆ, ಮಾಡು ಉಳಿಯುತ್ತದೆ. ಅದೇ ಗೋಡೆಯ ಮೇಲೆ, ಅದೇ ರೀತಿ ಕೂರಿಸಿ, ಮೇಲೆ ಮಾತ್ರ ಹೆಂಚು ತೆಗೆದು ಚದರ ಮೀಟರಿಗೆ ನಾಲ್ಕೈದು ಕೆ.ಜಿ. ತೂಗುವ ಶೀಟ್ ಹಾಕಿದಾಗ ತೂಕ ಹೋಯಿತು, ಸಂದೂ ಹೋಯಿತು, ಬದಲಿಗೆ ಕಟ್ಟು ಬರಲಿಲ್ಲ. ಮಂಗ ಹೆಂಚು ಒಡೆಯುತ್ತದೆ, ಕೆಲಸಕ್ಕೆ ಜನ ಸಿಗುವುದಿಲ್ಲ, ಸೋರುತ್ತದೆ, ಎಲ್ಲವೂ ನಿಜ. ಶೀಟ್ ಹಾಕಿದ್ದು ತಪ್ಪೆನ್ನುವುದಿಲ್ಲ. ಹೆಂಚಿನ ಮಾಡನ್ನು ಇಟ್ಟಂತೆ ಶೀಟಿನ ಮಾಡನ್ನು ಇಡಬಾರದು.

ಲೆಕ್ಕ ದೊಡ್ಡದೇನಲ್ಲ. ನಮ್ಮ ಕಟ್ಟಡ ಸಂಹಿತೆ ಐಎಸ್ 875ರ ಮೂರನೇ ಭಾಗದ ಪ್ರಕಾರ ಗಾಳಿಯ ಒತ್ತಡ ವೇಗದ ವರ್ಗಕ್ಕೆ (ವೇಗವನ್ನು ವೇಗದಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಏರುತ್ತದೆ. ಗಂಟೆಗೆ 100 ಕಿ.ಮೀ. ಗಾಳಿಗೆ ಚದರ ಮೀಟರಿಗೆ ಸುಮಾರು 47 ಕೆ.ಜಿ. ಬಲ. ಹತ್ತಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ಶೀಟ್ ಹದಿನೈದು ಕೆ.ಜಿ. ತೂಗಬಹುದು, ಅದನ್ನು ಮೇಲಕ್ಕೆ ಎಳೆಯುವ ಬಲ ನೂರೈವತ್ತು ಕೆ.ಜಿ. ಗಾಳಿ 140 ಕಿ.ಮೀ.ಗೆ ಏರಿದರೆ ಬಲ ಇಮ್ಮಡಿಯಾಗಿ ಮುನ್ನೂರು. ಮಾಡಿನ ಅಂಚು, ಮೂಲೆ, ಕೂಡುವ ನೆತ್ತಿಯಲ್ಲಿ ಇದಕ್ಕೂ ಹೆಚ್ಚು. ಅದೇ ಸಂಹಿತೆ ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಮೈಸೂರಿಗೆ 33 ಮೀಟರ್ ಮೂಲ ವೇಗ ಕೊಡುತ್ತದೆ. 39 ಎಂದರೆ ಗಂಟೆಗೆ 140 ಕಿ.ಮೀ. ಇಳಿಜಾರಿನ ತಲೆಯ ಮೇಲಿನ ಮನೆಗೆ ಆ ವೇಗವನ್ನು 1.36ರಷ್ಟರವರೆಗೆ ಗುಣಿಸಲೂ ಹೇಳುತ್ತದೆ. ಅಂದರೆ ಟೊರ್ನೆಡೊ ಬೇಡ, ಲೆಕ್ಕದೊಳಗಿನ ಗಾಳಿಯೇ ನಿಮ್ಮ ಮಾಡನ್ನು ಎತ್ತಬಲ್ಲದು. ನನಗೆ ಇದರಲ್ಲಿ ಸಮಾಧಾನ ಕಾಣುತ್ತದೆ. ಲೆಕ್ಕದೊಳಗಿನದಕ್ಕೆ ಲೆಕ್ಕದೊಳಗಿನ ಉಪಾಯವಿದೆ.

ಹೊಸ ಮನೆಯಲ್ಲಿ ಗೋಡೆಯ ತಲೆಯ ಮೇಲೆ ಸುತ್ತಲೂ ಕಂಬಿ ಹಾಕಿದ ಬೆಲ್ಟ್ ಕಾಂಕ್ರೀಟ್ ಬರಲಿ. ಕಾಂಕ್ರೀಟ್ ಹಸಿ ಇರುವಾಗಲೇ ಪ್ರತಿ ಪೈಪ್ ಅಥವಾ ಪಕ್ಕಾಸು ಕೂರುವಲ್ಲಿ ಬೋಲ್ಟ್ ಹುಗಿದಿಡಬೇಕು, ಆಮೇಲೆ ಕೊರೆದು ಹಾಕುವುದು ಎರಡನೇ ದರ್ಜೆ. ಬೆಲ್ಟಿನಿಂದ ಮೂಲೆಗಳಲ್ಲಿ ಕಂಬಿ ತಳಪಾಯದವರೆಗೆ ಇಳಿಯಲಿ, ಇಲ್ಲದಿದ್ದರೆ ಗಾಳಿ ಮಾಡನ್ನು ಬೆಲ್ಟ್ ಸಮೇತ ಅಲ್ಲಾಡಿಸುತ್ತದೆ. ಮರದ ಪಕ್ಕಾಸಾದರೆ ಮೊಳೆಯ ಮೇಲೆ ನಂಬಿಕೆ ಬೇಡ, ಗ್ಯಾಲ್ವನೈಸ್ಡ್ ಪಟ್ಟಿಯನ್ನು ಪಕ್ಕಾಸಿನ ಮೇಲಿಂದ ಸುತ್ತಿ ಎರಡೂ ಕಡೆ ಹಿಡಿಸಿ. ಶೀಟಿಗೆ ಅಗಲ ವಾಷರಿನ ಸ್ಕ್ರೂ ಅಥವಾ ಜೆ ಬೋಲ್ಟ್, ನಡುವೆ ಎಷ್ಟು ಅಂತರವಿದೆಯೋ ಅಂಚಿನಲ್ಲಿ ಮತ್ತು ನೆತ್ತಿಯಲ್ಲಿ ಅದರ ಅರ್ಧ. ಮಾಡಿನ ಇಳಿಜಾರು ತೀರ ಚಪ್ಪಟೆ ಬೇಡ. ಎರಡೇ ಬದಿಗೆ ಇಳಿದು ಎರಡು ಬದಿಯಲ್ಲಿ ಮುಕ್ಕೋನ ಗೋಡೆ ಎದ್ದಿರುವ ಮಾಡಿಗಿಂತ ನಾಲ್ಕೂ ಬದಿಗೆ ಇಳಿದ ಮಾಡು ಗಾಳಿಗೆ ಗಟ್ಟಿ.

ಕಷ್ಟ ಇರುವುದು ಸೂರಿನಲ್ಲಿ. ಚಂಡಮಾರುತದ ಕರಾವಳಿಗೆ ಬರೆದ ಕೈಪಿಡಿಗಳು ಸೂರು ಒಂದೂವರೆ ಅಡಿಗಿಂತ ಹೊರಬರಬಾರದು ಎನ್ನುತ್ತವೆ. ಕಕ್ಕಡದ, ಅಂದರೆ ಜುಲೈ, ಆಗಸ್ಟಿನ ಮಳೆ ಕಂಡವರು ಅದಕ್ಕೆ ನಗುತ್ತಾರೆ. ಒಂದೂವರೆ ಅಡಿ ಸೂರಿಟ್ಟರೆ ನಮ್ಮಲ್ಲಿ ಗೋಡೆಯೇ ಪಾಚಿಯಾಗುತ್ತದೆ. ಮೂರು ನಾಲ್ಕು ಅಡಿ ಬೇಕೇ ಬೇಕು, ಆದರೆ ಗಾಳಿ ಹಿಡಿಯುವುದೂ ಅಲ್ಲೇ, ಅಡಿಯಿಂದ ನೂಕು, ಮೇಲಿಂದ ಸೆಳೆತ. ನನ್ನ ಸಲಹೆ, ಮುಖ್ಯ ಮಾಡು ಗೋಡೆಯಿಂದ ಸ್ವಲ್ಪವೇ ಹೊರಬಂದು ನಿಲ್ಲಲಿ. ಅದರ ಕೆಳಗೆ, ಬೇರೆ ಪೈಪಿನ ಮೇಲೆ, ಬೇರೆಯಾಗಿ ಹಿಡಿಸಿದ ಜಗಲಿ ಮಾಡು ಬರಲಿ. ಗಾಳಿಗೆ ಜಗಲಿ ಮಾಡು ಕಿತ್ತುಹೋದರೂ ಮನೆಯ ಮಾಡನ್ನು ಎಳೆದುಕೊಂಡು ಹೋಗುವುದಿಲ್ಲ. ಟೆರೇಸ್ ಮನೆಯವರು ಮಳೆಗೆ ಮತ್ತು ಕಾಫಿ ಒಣಗಿಸಲು ಮೇಲೆ ಎತ್ತರದ ಪೈಪ್ ನಿಲ್ಲಿಸಿ ಶೀಟ್ ಹೊದಿಸುವುದು ಈಗ ಎಲ್ಲೆಡೆ ಇದೆ. ನಾಲ್ಕೂ ಕಡೆ ತೆರೆದ ಆ ಹೊದಿಕೆ ಎಲ್ಲಕ್ಕಿಂತ ಮೊದಲು ಹಾರುತ್ತದೆ, ಬೀಳುವುದು ಪಕ್ಕದವರ ಮೇಲೆ. ಕಂಬದ ಬುಡದ ಪ್ಲೇಟನ್ನು ಸ್ಲ್ಯಾಬಿಗೆ ನಾಲ್ಕು ಬೋಲ್ಟಿನಿಂದ ಹಿಡಿಸದವರು ಇವತ್ತೇ ಹಿಡಿಸಲಿ.

ನಿಮ್ಮವರನ್ನು ಉಳಿಸಿದ ಬಚ್ಚಲಿನ ವಿಷಯಕ್ಕೆ ಬರುತ್ತೇನೆ. ಬಚ್ಚಲಿಗೆ ಹೆಚ್ಚಾಗಿ ಸ್ಲ್ಯಾಬ್ ಇರುತ್ತದೆ, ಮೇಲೆ ನೀರಿನ ಟ್ಯಾಂಕ್ ಇಡಬೇಕಲ್ಲ. ಗೋಡೆಗಳು ಹತ್ತಿರ ಹತ್ತಿರ, ಕಿಟಕಿ ಎಂದರೆ ಒಂದು ಗೂಡು. ಅಮೆರಿಕದಲ್ಲಿ ನೆಲಮಾಳಿಗೆ ಇಲ್ಲದವರಿಗೆ ಹೇಳುವುದೂ ಇದನ್ನೇ, ಕೆಳಮಹಡಿಯ, ಒಳಭಾಗದ, ಕಿಟಕಿಯಿಲ್ಲದ ಚಿಕ್ಕ ಕೋಣೆಗೆ ಹೋಗಿ, ಕುಕ್ಕರಗಾಲಲ್ಲಿ ಕೂತು ತಲೆ ಮುಚ್ಚಿಕೊಳ್ಳಿ. ಇಂಥ ಗಾಳಿಯಲ್ಲಿ ಜನ ಸಾಯುವುದು ಹೆಚ್ಚಾಗಿ ಹಾರಿಬರುವ ವಸ್ತು ಬಡಿದು, ಅಥವಾ ಗೋಡೆ, ಮರ ಮೇಲೆ ಬಿದ್ದು. ಅದಕ್ಕೇ ತಲೆಗೆ ಹೆಲ್ಮೆಟ್ಟೋ ದಿಂಬೋ ಇರಲಿ. ಕಿಟಕಿ ಬಾಗಿಲು ತೆರೆದಿಟ್ಟರೆ ಒತ್ತಡ ಸರಿಹೋಗಿ ಮಾಡು ಉಳಿಯುತ್ತದೆ ಎಂಬ ನಂಬಿಕೆ ಅಲ್ಲೂ ಇದೆ, ಇಲ್ಲೂ ಇದೆ. ಅದು ತಪ್ಪು. ಗಾಳಿ ಬರುವ ಕಡೆಯ ಬಾಗಿಲು ತೆರೆದರೆ ಒಳಗೆ ಗಾಳಿ ತುಂಬಿ ಮಾಡನ್ನು ಕೆಳಗಿನಿಂದ ನೂಕುತ್ತದೆ. ಎಲ್ಲ ಮುಚ್ಚಿ ಒಳಗೆ ಸೇರಿ. ಜೀಪಿನಲ್ಲೋ ಬೈಕಿನಲ್ಲೋ ಇದ್ದರೆ ಮರ, ಲೈನ್ ಕಂಬದಿಂದ ದೂರ ನಿಲ್ಲಿಸಿ ಹತ್ತಿರದ ಸ್ಲ್ಯಾಬ್ ಕಟ್ಟಡಕ್ಕೆ ಹೋಗಿ. ಹೊಸ ಮನೆ ಕಟ್ಟುವಾಗ ಬಚ್ಚಲು ಅಥವಾ ದೇವರಕೋಣೆಯಷ್ಟು ಒಂದು ಜಾಗಕ್ಕೆ ನಾಲ್ಕು ಮೂಲೆಗೂ ಕಂಬ, ಮೇಲೆ ಸ್ಲ್ಯಾಬ್ ಕೊಡಿಸಿ. ಮನೆಯ ಹೊರಗೋಡೆಗೆ ತಾಗದಂತೆ ನಡುವೆ ಬರಲಿ. ದಾಖಲೆ ಪತ್ರ, ಟಾರ್ಚ್, ಔಷಧಿ ಅಲ್ಲೇ ಇರಲಿ. ಟ್ಯಾಂಕ್ ಮಾತ್ರ ಅದರ ಮೇಲೆ ಬೇಡ.

ಇಲ್ಲೊಂದು ಎಚ್ಚರಿಕೆ. ಗಾಳಿಗೆ ಹೆದರಿ ಮನೆಯನ್ನು ಗುಡ್ಡದ ಮರೆಗೆ ಇಳಿಸೋಣ ಎಂದು ಬರೆ, ಅಂದರೆ ಗುಡ್ಡದ ಇಳಿಜಾರು, ಕಡಿದು ಜಾಗ ಸಮತಟ್ಟು ಮಾಡಲು ಹೋಗಬೇಡಿ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಜೋಡುಪಾಲ ಕಡೆ ಭೂಕುಸಿತ ಆದದ್ದನ್ನು ನಾವೆಲ್ಲ ಕಂಡಿದ್ದೇವೆ. ಇಳಿಜಾರನ್ನು ಲೆಕ್ಕವಿಲ್ಲದೆ ಕಡಿದದ್ದು ಅದಕ್ಕೆ ದೊಡ್ಡ ಕಾರಣಗಳಲ್ಲೊಂದು. 2019ರಲ್ಲಿ ತೋರ, 2020ರಲ್ಲಿ ತಲಕಾವೇರಿಯ ಬೆಟ್ಟ. ಗಾಳಿಗೆ ಬೋಲ್ಟ್ ಹಾಕಬಹುದು, ಕುಸಿಯುವ ಬರೆಗೆ ಏನೂ ಹಾಕಲಾಗದು. ಈಗಿರುವ ಜಾಗ ನೆಲದ ದೃಷ್ಟಿಯಿಂದ ಗಟ್ಟಿ ಇದ್ದರೆ ಅಲ್ಲೇ ಕಟ್ಟಿ.

ಪರಿಹಾರದ ಮಾತು. ಕೇಂದ್ರದ 2022ರಿಂದ 2026ರ ಅವಧಿಯ ವಿಪತ್ತು ಪರಿಹಾರ ನಿಯಮದಲ್ಲಿ ಹನ್ನೆರಡು ವಿಪತ್ತುಗಳ ಪಟ್ಟಿ ಇತ್ತು. ಚಂಡಮಾರುತ, ನೆರೆ, ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ ಎಲ್ಲ ಇದ್ದವು, ಸುಂಟರಗಾಳಿ ಹೆಸರು ಹಿಡಿದು ಇರಲಿಲ್ಲ. ಸ್ಥಳೀಯ ವಿಪತ್ತುಗಳಿಗೆ ನಿಧಿಯ ಹತ್ತನೇ ಒಂದು ಭಾಗದವರೆಗೆ ಖರ್ಚು ಮಾಡಲು ರಾಜ್ಯಗಳಿಗೆ ಅವಕಾಶವಿದೆ. ತಾಲ್ಲೂಕು ಕಚೇರಿಗಳಲ್ಲಿ ಇಂಥ ಪ್ರಕರಣಗಳು ಸಾಮಾನ್ಯವಾಗಿ ಮಳೆ ಗಾಳಿಯಿಂದಾದ ಮನೆ ಹಾನಿ ಎಂದೇ ನಡೆಯುತ್ತವೆ. ಆದ್ದರಿಂದ ಅರ್ಜಿಯಲ್ಲಿ ಆದದ್ದನ್ನು ಆದಂತೆ, ಪೂರ್ತಿ ಬರೆಯಿರಿ. ದಿನಾಂಕ, ಗಂಟೆ, ಗುಡುಗು ಸಹಿತ ಮಳೆ, ಗಾಳಿ, ಆಲಿಕಲ್ಲು ಬಿದ್ದಿದ್ದರೆ ಅದೂ, ಮಾಡು ಹೋದದ್ದು, ಗೋಡೆ ಕುಸಿದದ್ದು. ಬರೀ ‘ಸುಂಟರಗಾಳಿ’ ಎಂದು ಬರೆದು ಬಿಡಬೇಡಿ. ಗ್ರಾಮ ಆಡಳಿತಾಧಿಕಾರಿಗೆ ಮತ್ತು ಪಂಚಾಯಿತಿ ಪಿಡಿಒಗೆ ಆದಷ್ಟು ಬೇಗ ಕೊಟ್ಟು ಸ್ವೀಕೃತಿ ಪಡೆಯಿರಿ, ಒಂದು ಪ್ರತಿ ತಹಶೀಲ್ದಾರರಿಗೆ. ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೂ ಒಂದು ಕರೆ ಮಾಡಿದ್ದರೆ ದಾಖಲೆಯಾಗುತ್ತದೆ.

ಪಂಚನಾಮೆಗೆ ಬರುವ ಮುಂಚೆ ಅವಶೇಷ ತೆಗೆಯಬೇಡಿ, ತೆಗೆಯಲೇಬೇಕಾದರೆ ನಾಲ್ಕು ಮೂಲೆಯಿಂದ, ಒಳಗಿನಿಂದ ಫೋಟೋ ತೆಗೆದು, ಜಾಗದ ಗುರುತು ಸಿಗುವಂತೆ ರಸ್ತೆ, ಕಂಬ, ಪಕ್ಕದ ಮನೆ ಚಿತ್ರದಲ್ಲಿ ಬರುವಂತೆ ನೋಡಿಕೊಳ್ಳಿ. ಹಾನಿ ಶೇಕಡಾ ಎಷ್ಟು ಎಂಬುದರ ಮೇಲೆ ಹಣ ನಿಂತಿದೆ. ಬರಿಯ ಶೀಟ್ ಹೋಗಿದೆ ಎಂದು ಬರೆದರೆ ಭಾಗಶಃ ಹಾನಿ. ಗೋಡೆ ವಾಸಕ್ಕೆ ಯೋಗ್ಯವಲ್ಲ ಎಂಬ ಇಂಜಿನಿಯರ್ ಅಭಿಪ್ರಾಯ ಸೇರಿದರೆ ಚಿತ್ರವೇ ಬೇರೆ. ಕೇಂದ್ರದ 2022ರಿಂದ 2026ರ ಅವಧಿಯ ನಿಯಮದಲ್ಲಿ ಪೂರ್ತಿ ಹಾನಿಗೆ ಬಯಲು ಸೀಮೆಗೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ ರೂಪಾಯಿ ಇತ್ತು. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ಮಾತ್ರ. ಅಂತರ ಎಷ್ಟೆಂದು ನೋಡಿ. ಇದರ ಮೇಲೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿದ್ದುಂಟು, 2019ರ ನೆರೆಯ ನಂತರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಘೋಷಿಸಿ ಕಂತಿನಲ್ಲಿ ಕೊಟ್ಟರು. ರಾಜ್ಯದ ಮೊತ್ತ ಆದೇಶದಿಂದ ಆದೇಶಕ್ಕೆ ಬದಲಾಗುತ್ತದೆ, ಈ ವರ್ಷದ ಆದೇಶದ ಪ್ರತಿಯನ್ನೇ ತಾಲ್ಲೂಕು ಕಚೇರಿಯಲ್ಲಿ ಕೇಳಿ.

ಪಹಣಿ ದೊಡ್ಡಪ್ಪನ ಹೆಸರಿನಲ್ಲಿರುವುದು ಕೊಡಗಿನಲ್ಲಿ ನಿಮ್ಮೊಬ್ಬರ ಕಥೆಯಲ್ಲ. ಕುಟುಂಬಕ್ಕೆ ತಲೆತಲಾಂತರದಿಂದ ಬಂದ ಜಮ್ಮಾ ಬಾಣೆ ಜಮೀನಿನಲ್ಲಿ ಪಟ್ಟೆದಾರರ, ಅಂದರೆ ಕುಟುಂಬದ ಹಿರಿಯರ, ಹೆಸರೊಂದೇ ಇದ್ದು ಐದಾರು ಮನೆಯವರು ಬದುಕುತ್ತಿರುತ್ತಾರೆ. ಮನೆ ಪರಿಹಾರ ಅಲ್ಲಿ ವಾಸವಿದ್ದವರಿಗೆ ಸಲ್ಲಬೇಕಾದದ್ದು. ಹಾಗಾಗಿ ಪಂಚಾಯಿತಿಯ ಮನೆ ಕಂದಾಯದ ರಸೀದಿ, ಕರೆಂಟ್ ಬಿಲ್, ರೇಷನ್ ಕಾರ್ಡ್, ಆಧಾರ್ ವಿಳಾಸ ಎಲ್ಲ ಒಟ್ಟಿಗೆ ಇಡಿ. ಈ ಮನೆಯಲ್ಲಿ ವಾಸವಿರುವುದು ಇವರೇ, ಪರಿಹಾರ ಇವರಿಗೆ ಕೊಡಲು ತಕರಾರಿಲ್ಲ ಎಂದು ದೊಡ್ಡಪ್ಪನವರಿಂದ ಒಂದು ಒಪ್ಪಿಗೆ ಪತ್ರ ನೋಟರಿ ಮಾಡಿಸಿ. ಅದನ್ನು ಕೇಳಲು ಸಂಕೋಚ ಪಡಬೇಡಿ, ಮುಂದೆ ದಾಯಾದಿಗಳ ನಡುವೆ ಮಾತು ಬರುವುದಕ್ಕಿಂತ ಇದು ಮೇಲು. ನಿಮ್ಮ ಹತ್ತಿರದ, ಎಸ್ಟೇಟ್ ಕಾರ್ಮಿಕರ ಲೈನ್ ಮನೆಗಳಿಗೂ ಹಾನಿಯಾಗಿದ್ದರೆ ಅಲ್ಲಿನವರಿಗೂ ತಿಳಿಸಿ. ಮನೆ ಎಸ್ಟೇಟಿನದಾದರೂ ಬಟ್ಟೆ, ಪಾತ್ರೆ ಕಳೆದುಕೊಂಡ ಕುಟುಂಬಕ್ಕೆ ಆ ನಿಯಮದಲ್ಲಿ ಬೇರೆಯೇ ಸಹಾಯವಿದೆ, ಅದನ್ನು ಯಾರೂ ಕೇಳುವುದಿಲ್ಲ.

ಗೃಹಸಾಲ ಇದ್ದರೆ ಬ್ಯಾಂಕಿಗೆ ಹೋಗಿ ವಿಮೆ ಸೇರಿಸಿದ್ದರೇ ಎಂದು ಕೇಳಿ. ಎಷ್ಟೋ ಜನರಿಗೆ ತಮ್ಮ ಮನೆಗೆ ವಿಮೆ ಇದೆ ಎಂಬುದೇ ಗೊತ್ತಿರುವುದಿಲ್ಲ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡಬೇಕಾದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿ, ಟೊರ್ನೆಡೊ, ನೆರೆ, ಭೂಕುಸಿತ ಎಲ್ಲವೂ ಸೇರಿವೆ. ಇಲ್ಲಿ ಸುಂಟರಗಾಳಿ ಎಂದರೂ ಬಿರುಗಾಳಿ ಎಂದರೂ ಹಣಕ್ಕೆ ತೊಂದರೆಯಿಲ್ಲ.

ಮಗಳ ವಿಷಯ. ಅವಳು ಗಾಳಿ ಬಂದರೆ ಬಚ್ಚಲಿಗೆ ಓಡುವುದನ್ನು ತಡೆಯಬೇಡಿ, ನಗಬೇಡಿ. ಆ ಮಗು ಮಾಡುತ್ತಿರುವುದು ಸರಿಯಾದ ಕೆಲಸ, ಹಾಗೆಂದೇ ಅವಳಿಗೆ ಹೇಳಿ. ಟಾರ್ಚ್ ಅವಳ ಕೈಗೆ ಕೊಟ್ಟು, ಅವ್ವನನ್ನು ಕರೆದುಕೊಂಡು ಹೋಗುವ ಜವಾಬ್ದಾರಿ ನಿನ್ನದು ಎನ್ನಿ. ಹೆದರಿಕೆಗೆ ಕೆಲಸ ಸಿಕ್ಕರೆ ಅರ್ಧ ಇಳಿಯುತ್ತದೆ. ಬಂದ ನೆಂಟರೆಲ್ಲರ ಮುಂದೆ ಅವಳಿಂದ ಕಥೆ ಹೇಳಿಸುವುದು, ಮೊಬೈಲಿನಲ್ಲಿ ಆ ದಿನದ ವಿಡಿಯೋ ಮತ್ತೆ ಮತ್ತೆ ಹಾಕುವುದು ನಿಲ್ಲಲಿ. ಅವಳಾಗಿಯೇ ಹೇಳಿದರೆ ಪೂರ್ತಿ ಕೇಳಿ. ಶಾಲೆ, ಊಟ, ಮಲಗುವ ಹೊತ್ತು ಮೊದಲಿನಂತೆ ನಡೆಯಲಿ. ಹೆಚ್ಚಿನ ಮಕ್ಕಳು ಕೆಲವು ವಾರದಲ್ಲಿ ಸುಧಾರಿಸುತ್ತಾರೆ. ತಿಂಗಳು ಕಳೆದರೂ ರಾತ್ರಿ ಬೆಚ್ಚಿ ಏಳುವುದು, ಹಾಸಿಗೆ ಒದ್ದೆ ಮಾಡುವುದು, ಶಾಲೆಗೆ ಹೋಗಲಾರೆ ಎನ್ನುವುದು ಇದ್ದರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕನ್ನಡದಲ್ಲೇ ಮಾತನಾಡಬಹುದು. ಅದು ನಿಮಗೂ ಅನ್ವಯ. ನಿದ್ದೆ ಬರಲಿ ಎಂದು ಎರಡು ಪೆಗ್ ಹಾಕುವ ಅಭ್ಯಾಸ ಇಂಥ ಸಮಯದಲ್ಲೇ ನಾಲ್ಕಾಗುವುದು.

ಇನ್ನು ಸಿಲ್ವರ್ ಮರಗಳು. ಎಲ್ಲವನ್ನೂ ಕಡಿಸಬೇಡಿ, ಸಾಲು ಮರ ಗಾಳಿಯ ವೇಗವನ್ನು ತಗ್ಗಿಸುತ್ತದೆ. ಆದರೆ ಸಿಲ್ವರ್ ಎತ್ತರಕ್ಕೆ ಹೋಗಿ ನಡುವಿನಲ್ಲಿ ಮುರಿಯುವ ಮರ. ಮರ ಎಷ್ಟು ಎತ್ತರವೋ ಅಷ್ಟು ದೂರದೊಳಗೆ ಮನೆ ಇದ್ದರೆ ಅದು ಮನೆಯ ಮೇಲೆ ಬೀಳಬಲ್ಲದು. ಆ ಅಳತೆಯೊಳಗಿನವುಗಳ ತಲೆ ತೆಗೆಸಿ ತಗ್ಗಿಸಿ, ಬುಡದಲ್ಲಿ ಪೊಟರೆ, ಅಣಬೆ ಕಂಡವುಗಳನ್ನು ತೆಗೆಸಿಬಿಡಿ. ಸಾಲಿನಲ್ಲಿ ಒಂದೆರಡು ಬಿದ್ದು ಈಗ ಹೊಸದಾಗಿ ಅಂಚಿಗೆ ಬಂದ ಮರದ ಮೇಲೆ ಕಣ್ಣಿರಲಿ. ಇಷ್ಟು ವರ್ಷ ಪಕ್ಕದ ಮರದ ಮರೆಯಲ್ಲಿ ಬೆಳೆದ ಅದರ ಬೇರಿಗೆ ನೇರ ಗಾಳಿಯ ಅಭ್ಯಾಸವಿರುವುದಿಲ್ಲ, ಮುಂದಿನ ಗಾಳಿಗೆ ಬೀಳುವುದು ಹೆಚ್ಚಾಗಿ ಅದೇ. ಮೆಣಸಿನ ಬಳ್ಳಿ ಹಬ್ಬಿದ ಮರವಾದರೆ ಕೊಯ್ಲಿನವರೆಗೆ ಕಾಯೋಣ ಎನ್ನಿಸುತ್ತದೆ, ಮನೆಯ ಕಡೆ ವಾಲಿದ್ದಕ್ಕೆ ಆ ರಿಯಾಯಿತಿ ಬೇಡ. ಕಾಡುಜಾತಿಯ ಮರವಾದರೆ ಕೊಡಲಿ ಹಾಕುವ ಮುಂಚೆ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಅರ್ಜಿ ಕೊಡಿ, ಮನೆಗೆ ಅಪಾಯ ಎಂಬ ಕಾರಣವನ್ನೂ ಫೋಟೋವನ್ನೂ ಜೊತೆಗಿಡಿ. ಮತ್ತೆ, ವೆಲ್ಡಿಂಗ್‌ನವರಿಗೆ ಮುಂಗಡ ಕೊಡುವ ಮೊದಲು ಬೆಲ್ಟ್ ಮತ್ತು ಬೋಲ್ಟಿನ ನಕ್ಷೆಯನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಕಾಂಕ್ರೀಟ್ ಹಾಕುವ ದಿನ ಬೋಲ್ಟುಗಳನ್ನು ನೀವೇ ನಿಂತು ಎಣಿಸಿ.